ಮೂರನೆಯ ರಾತ್ರಿ, ಮೊದಲ ಎರಡು ವಾರ: ಸೆರೆಮನೆಯಲ್ಲಿ ವ್ಯಸನದ ಚಿಕಿತ್ಸೆ ಎಲ್ಲಿ ತಪ್ಪುತ್ತಿದೆ

ಮಾದಕ ವಸ್ತು ಸೇವಿಸಿ ಸಿಕ್ಕಿಬಿದ್ದವರನ್ನು ಜೈಲಿಗೆ ಕಳಿಸಬೇಕೋ ಆಸ್ಪತ್ರೆಗೆ ಕಳಿಸಬೇಕೋ ಎಂಬ ಚರ್ಚೆ ನಮ್ಮಲ್ಲಿ ಪ್ರತಿ ದೊಡ್ಡ ದಾಳಿಯ ಬೆನ್ನಲ್ಲೇ ಏಳುತ್ತದೆ, ಕೆಲವು ದಿನಗಳಲ್ಲಿ ತಣ್ಣಗಾಗುತ್ತದೆ. ಆಸ್ಪತ್ರೆಯ ದಾರಿಯನ್ನು ಕಾನೂನು ಎಂದೋ ತೆರೆದಿಟ್ಟಿದೆ ಎಂಬ ಸಂಗತಿ ಮಾತ್ರ ಈ ಚರ್ಚೆಯಲ್ಲಿ ಅಪರೂಪಕ್ಕೂ ಬರುವುದಿಲ್ಲ. 1985ರಲ್ಲಿ ಜಾರಿಗೆ ಬಂದ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ವಸ್ತುಗಳ ನಿಯಂತ್ರಣದ ಕಾಯ್ದೆ, ಕಠಿಣ ಶಿಕ್ಷೆಗೆ, ಜಾಮೀನು ಸಿಗದ ಬಿಗಿಗೆ ಹೆಸರಾಗಿದೆ; ಅದೇ ಕಾಯ್ದೆಯಲ್ಲಿ ವ್ಯಸನಿಯನ್ನು ಶಿಕ್ಷೆಯಿಂದ ಚಿಕಿತ್ಸೆಯ ಕಡೆಗೆ ತಿರುಗಿಸುವ ಎರಡು ಸೆಕ್ಷನ್‌ಗಳೂ ಇವೆ.

39ನೇ ಸೆಕ್ಷನ್ ನ್ಯಾಯಾಧೀಶರಿಗೆ ಸಂಬಂಧಿಸಿದ್ದು. ಮಾದಕ ವಸ್ತು ಸೇವಿಸಿದ ಅಪರಾಧದಲ್ಲಿ ಅಥವಾ ಸಣ್ಣ ಪ್ರಮಾಣದ ವಸ್ತುವಿಗೆ ಸಂಬಂಧಿಸಿದ ಅಪರಾಧದಲ್ಲಿ ತಪ್ಪಿತಸ್ಥನೆಂದು ಸಾಬೀತಾದ ವ್ಯಸನಿಗೆ ಕೂಡಲೇ ಜೈಲು ಶಿಕ್ಷೆ ವಿಧಿಸುವ ಬದಲು, ಅವನ ಒಪ್ಪಿಗೆ ಪಡೆದು, ಮುಚ್ಚಳಿಕೆ ಬರೆಸಿಕೊಂಡು, ಸರ್ಕಾರ ನಡೆಸುವ ಅಥವಾ ಸರ್ಕಾರದ ಮಾನ್ಯತೆ ಇರುವ ಸಂಸ್ಥೆಗೆ ಚಿಕಿತ್ಸೆಗಾಗಿ ಕಳಿಸಬಹುದು. ಒಂದು ವರ್ಷದೊಳಗೆ ಆತ ಚಿಕಿತ್ಸೆಯ ವರದಿಯನ್ನು ಕೋರ್ಟಿಗೆ ಒಪ್ಪಿಸಬೇಕು. 1989ರ ತಿದ್ದುಪಡಿಯಲ್ಲಿ ಸೇರಿ 2001ರಲ್ಲಿ ಹೊಸ ರೂಪ ಪಡೆದ 64ಎ ಸೆಕ್ಷನ್ ಇನ್ನೂ ಉದಾರವಾಗಿದೆ. ಇಂಥದೇ ಆರೋಪ ಎದುರಿಸುತ್ತಿರುವ ವ್ಯಸನಿ ತಾನಾಗಿಯೇ ಚಿಕಿತ್ಸೆಗೆ ಮುಂದೆ ಬಂದು ಅದನ್ನು ಪಡೆದರೆ ಅವನ ಮೇಲೆ ಮೊಕದ್ದಮೆಯೇ ನಡೆಯುವಂತಿಲ್ಲ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಮಾತ್ರ ಈ ರಕ್ಷಣೆಯನ್ನು ಹಿಂಪಡೆಯಬಹುದು. ಸಣ್ಣ ಪ್ರಮಾಣವೆಂದರೆ ಗಾಂಜಾ ಆದರೆ ಒಂದು ಕಿಲೋ, ಹೆರಾಯಿನ್ ಆದರೆ 5 ಗ್ರಾಂ. ಅಂದರೆ ಬೀದಿಯಲ್ಲಿ ಸಿಕ್ಕಿಬೀಳುವ ವ್ಯಸನಿಗಳಲ್ಲಿ ಬಹುಪಾಲು ಜನ ಈ ಮಿತಿಯ ಒಳಗೇ ಬರುತ್ತಾರೆ.

ಹಾಗಿದ್ದೂ ಈ ಸೆಕ್ಷನ್‌ಗಳು ಪುಸ್ತಕದಲ್ಲೇ ಉಳಿದಿವೆ. ಪಂಜಾಬಿನ ನ್ಯಾಯಾಲಯಗಳಲ್ಲಿ 2013ರಿಂದ 2015ರವರೆಗೆ ನಡೆದ ಎನ್‌ಡಿಪಿಎಸ್ ಪ್ರಕರಣಗಳನ್ನು ವಿಧಿ ಸೆಂಟರ್ ಫಾರ್ ಲೀಗಲ್ ಪಾಲಿಸಿ ಸಂಸ್ಥೆ ಪರಿಶೀಲಿಸಿದಾಗ, ವ್ಯಸನದ ಪಿಡುಗಿನಿಂದ ತತ್ತರಿಸುತ್ತಿದ್ದ ಆ ರಾಜ್ಯದಲ್ಲಿಯೂ ಆರೋಪಿಗಳನ್ನು ಚಿಕಿತ್ಸೆಗೆ ಕಳಿಸಿದ ಉದಾಹರಣೆಗಳು ಕಾಣಲಿಲ್ಲ. ಇದಕ್ಕೆ ನ್ಯಾಯಾಧೀಶರ ನಿರ್ದಯತೆಯನ್ನು ದೂರುವುದು ಸುಲಭ, ಆದರೆ ತೊಡಕು ಬೇರೆ ಕಡೆ ಇದೆ. ಎದುರಿಗೆ ನಿಂತವನು ವ್ಯಸನಿ ಎಂದು ಕೋರ್ಟಿಗೆ ಯಾರು ಹೇಳಬೇಕು? ತನಿಖಾಧಿಕಾರಿ ವಶಪಡಿಸಿಕೊಂಡ ವಸ್ತುವಿನ ತೂಕ, ಪಂಚನಾಮೆ ಮತ್ತು ಪ್ರಯೋಗಾಲಯದ ವರದಿಯ ಕಡೆ ನೋಡುತ್ತಾನೆ. ಆರೋಪಿಯ ವಕೀಲರು ಜಾಮೀನಿನ ಕಡೆ ನೋಡುತ್ತಾರೆ. ತನ್ನ ಕಕ್ಷಿದಾರ ವ್ಯಸನಿ ಎಂದು ಹೇಳಿಕೊಳ್ಳುವುದು ಸೇವನೆಯ ಆರೋಪವನ್ನು ಒಪ್ಪಿಕೊಂಡಂತೆ ಆಗುತ್ತದೆಂಬ ಅಂಜಿಕೆಯೂ ಅವರಿಗಿದೆ. ಸರ್ಕಾರಿ ವಕೀಲರಿಗೆ ಇದನ್ನು ಎತ್ತುವ ಕಾರಣವೇ ಇಲ್ಲ. ಹೀಗೆ ಎಲ್ಲರೂ ತಮ್ಮ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದರೂ, ಚಿಕಿತ್ಸೆಯ ಪ್ರಸ್ತಾಪ ಯಾರ ಕೆಲಸವೂ ಆಗುವುದಿಲ್ಲ.

ಕಾಯ್ದೆಯ ಪ್ರಕಾರ ‘ವ್ಯಸನಿ’ ಎಂದರೆ ಮಾದಕ ವಸ್ತುವಿನ ಮೇಲೆ ಅವಲಂಬಿತನಾದವನು. ಕರಾವಳಿಯ ಪತ್ರಿಕೆಗಳಲ್ಲಿ, ಬೆಂಗಳೂರಿನ ಅಪರಾಧ ಸುದ್ದಿಯ ಅಂಕಣಗಳಲ್ಲಿ, ‘ವೈದ್ಯಕೀಯ ಪರೀಕ್ಷೆಯಲ್ಲಿ ಗಾಂಜಾ ಸೇವಿಸಿರುವುದು ದೃಢಪಟ್ಟಿದೆ’ ಎಂಬ ವಾಕ್ಯ ಮತ್ತೆ ಮತ್ತೆ ಬರುತ್ತದೆ. ಆದರೆ ಗಾಂಜಾದ ಅಂಶ ಅಪರೂಪಕ್ಕೆ ಸೇದಿದವನ ಮೂತ್ರದಲ್ಲಿ ಕೆಲವು ದಿನ, ನಿತ್ಯ ಸೇದುವವನ ಮೂತ್ರದಲ್ಲಿ ಕೆಲವು ವಾರಗಳವರೆಗೂ ಉಳಿಯುತ್ತದೆ. ಒಮ್ಮೆ ಗೆಳೆಯರೊಂದಿಗೆ ಕೂತ ವಿದ್ಯಾರ್ಥಿ ಯಾರು, ಅದಿಲ್ಲದೆ ದಿನ ದೂಡಲಾಗದವನು ಯಾರು ಎಂಬುದನ್ನು ಈ ಪರೀಕ್ಷೆ ಹೇಳುವುದಿಲ್ಲ. ಅದನ್ನು ಹೇಳಬಲ್ಲದ್ದು ವೈದ್ಯರೊಬ್ಬರು ಅರ್ಧ ಗಂಟೆ ಕೂತು ನಡೆಸುವ ಮಾತುಕತೆ. ಮೊದಲನೆಯವನಿಗೆ ಚಿಕಿತ್ಸೆಯ ಅಗತ್ಯವೇ ಇಲ್ಲ, ಎಚ್ಚರಿಕೆ ಮತ್ತು ತಿಳಿವಳಿಕೆ ಸಾಕು. ಎರಡನೆಯವನಿಗೆ ದಂಡ ಹಾಕಿ ಕಳಿಸಿದರೆ ಆ ಸಂಜೆಯೇ ಅವನು ಮತ್ತೆ ಅದೇ ಗಲ್ಲಿಯಲ್ಲಿರುತ್ತಾನೆ. ಇಬ್ಬರ ಹೆಸರೂ ಒಂದೇ ಪಟ್ಟಿಯಲ್ಲಿ, ಒಂದೇ ಸೆಕ್ಷನ್ ಅಡಿ ಪ್ರಕಟವಾಗುತ್ತಿರುವುದು ನನ್ನ ದೃಷ್ಟಿಯಲ್ಲಿ ಇಬ್ಬರಿಗೂ ಅನ್ಯಾಯ.

ಕಾನೂನಿನ ಲೆಕ್ಕಾಚಾರವನ್ನು ಬದಿಗಿಟ್ಟು ದೇಹದ ಲೆಕ್ಕಾಚಾರವನ್ನು ನೋಡಿದರೆ ಸಮಸ್ಯೆಯ ಆಳ ಗೊತ್ತಾಗುತ್ತದೆ. ಕರ್ನಾಟಕದಲ್ಲಿ ಬಂಧನಕ್ಕೊಳಗಾಗುವವರ ಪೈಕಿ ವ್ಯಸನ ಎಂದರೆ ಮೊದಲಿಗೆ ಕುಡಿತ. ವರ್ಷಗಟ್ಟಲೆ ದಿನವೂ ಕುಡಿಯುತ್ತಿದ್ದವನಿಗೆ ಕುಡಿತ ಒಮ್ಮೆಲೆ ನಿಂತರೆ ಮೊದಲ ಆರರಿಂದ ಹನ್ನೆರಡು ಗಂಟೆಯೊಳಗೆ ಕೈ ನಡುಕ, ಬೆವರು, ವಾಕರಿಕೆ ಶುರುವಾಗುತ್ತವೆ. ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ ಕೆಲವರಲ್ಲಿ ಡೆಲಿರಿಯಂ ಟ್ರೆಮೆನ್ಸ್, ಅಂದರೆ ನಡುಕದ ಜೊತೆಗೆ ಮತಿಭ್ರಮೆಯ ಸ್ಥಿತಿ, ಕಾಣಿಸಿಕೊಳ್ಳುತ್ತದೆ. ಇದು ಪ್ರಾಣಕ್ಕೆ ಎರವಾಗಬಲ್ಲ ತುರ್ತು ಸ್ಥಿತಿ.

ಈ ಗಂಟೆಗಳನ್ನು ಬಂಧನದ ಕ್ರಮದ ಪಕ್ಕದಲ್ಲಿಟ್ಟು ನೋಡಬೇಕು. ಶುಕ್ರವಾರ ಸಂಜೆ ಜಗಳದ ಪ್ರಕರಣದಲ್ಲಿ ಒಬ್ಬ ಕೂಲಿಯನ್ನು ಠಾಣೆಗೆ ಕರೆತರುತ್ತಾರೆ ಎಂದುಕೊಳ್ಳೋಣ. ಆಗ ಅವನು ಅಮಲಿನಲ್ಲಿದ್ದಾನೆ, ಆದ್ದರಿಂದ ದೇಹ ಸಮಾಧಾನವಾಗಿಯೇ ಇದೆ. 24 ಗಂಟೆಯೊಳಗೆ, ಶನಿವಾರ, ಮ್ಯಾಜಿಸ್ಟ್ರೇಟರ ಮುಂದೆ ನಿಂತಾಗ ಕೈ ನಡುಗುತ್ತಿದ್ದರೂ ಅದು ಹೆದರಿಕೆಯ ನಡುಕದಂತೆ ಕಾಣುತ್ತದೆ. ನ್ಯಾಯಾಂಗ ಬಂಧನವಾಗಿ ಜೈಲು ಸೇರುತ್ತಾನೆ. ಭಾನುವಾರ ರಾತ್ರಿ ಬ್ಯಾರಕ್ಕಿನ ಗೋಡೆಯ ಮೇಲೆ ಹುಳು ಹರಿದಾಡುವುದು ಅವನಿಗೆ ಕಾಣತೊಡಗುತ್ತದೆ. ಹಾಸಿದ ಕಂಬಳಿಯಿಂದ ಏನನ್ನೋ ಆರಿಸಿ ಆರಿಸಿ ಎಸೆಯುತ್ತಾನೆ, ಇಲ್ಲದ ಮನುಷ್ಯರ ಹೆಸರು ಹಿಡಿದು ಕೂಗುತ್ತಾನೆ, ತಾನಿರುವುದು ಎಲ್ಲಿ ಎಂಬುದನ್ನೇ ಮರೆಯುತ್ತಾನೆ. ಪಕ್ಕದವರು ಹುಚ್ಚು ಹಿಡಿಯಿತು ಎನ್ನಬಹುದು, ದೆವ್ವ ಮೆಟ್ಟಿದೆ ಎನ್ನಬಹುದು, ಕಾವಲು ಸಿಬ್ಬಂದಿ ನಾಟಕ ಎನ್ನಬಹುದು. ಗಲಾಟೆ ಎಬ್ಬಿಸಿದ್ದಕ್ಕೆ ಅವನನ್ನು ಒಂಟಿ ಕೋಣೆಗೆ ಹಾಕಿದರೆ, ಯಾರೂ ನೋಡದ ಜಾಗದಲ್ಲಿ ಜ್ವರ ಏರಿ, ನೀರಿನಂಶ ಕಳೆದುಕೊಂಡು, ಹೃದಯದ ಬಡಿತ ಲಯ ತಪ್ಪುವ ಅಪಾಯ ಇನ್ನೂ ಹೆಚ್ಚು. ಭಾನುವಾರ ರಾತ್ರಿ ಜೈಲಿನ ಆಸ್ಪತ್ರೆಯಲ್ಲಿ ವೈದ್ಯರು ಇರುವ ಸಾಧ್ಯತೆ ಅತ್ಯಂತ ಕಡಿಮೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದಿಷ್ಟನ್ನೂ ಶುಕ್ರವಾರವೇ ಊಹಿಸಬಹುದಿತ್ತು. ಬಂಧಿತ ವ್ಯಕ್ತಿಯನ್ನು ವೈದ್ಯಕೀಯ ತಪಾಸಣೆಗೆ ಒಳಪಡಿಸಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 53ನೇ ಸೆಕ್ಷನ್ ಹೇಳುತ್ತದೆ. ಆ ತಪಾಸಣೆ ಹುಟ್ಟಿದ್ದೇ ಪೊಲೀಸರ ಹೊಡೆತದಿಂದ ಬಂಧಿತನನ್ನು ಕಾಪಾಡಲೆಂದು. ಹಾಗಾಗಿ ಗಾಯದ ಗುರುತು, ಹಿಂಸೆಯ ಗುರುತು ಇವೆಯೇ, ಅವು ಯಾವಾಗ ಆದದ್ದು ಎಂಬುದನ್ನು ದಾಖಲಿಸಲು ಕಾನೂನು ಹೇಳುತ್ತದೆ. ‘ದಿನಾ ಎಷ್ಟು ಕುಡಿಯುತ್ತೀಯಪ್ಪ? ಕಡೆಯ ಬಾರಿ ಕುಡಿದದ್ದು ಯಾವಾಗ? ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತಾ?’ ಎಂಬ ಮೂರು ಪ್ರಶ್ನೆಗಳನ್ನು ಅದು ಕೇಳಿಸುವುದಿಲ್ಲ. ಕೇಳಿ ಬರೆದಿಟ್ಟಿದ್ದರೆ ಮಾಡಬೇಕಾದ ಚಿಕಿತ್ಸೆ ದುಬಾರಿಯೂ ಅಲ್ಲ, ಅಪರೂಪದ್ದೂ ಅಲ್ಲ. ಡಯಾಜೆಪಾಮ್, ಲೊರಾಜೆಪಾಮ್, ಕ್ಲೋರ್‌ಡಯಾಜೆಪಾಕ್ಸೈಡ್ ಗುಂಪಿನ ಮಾತ್ರೆಗಳನ್ನು ಮೊದಲ ದಿನದಿಂದಲೇ ಕೊಟ್ಟು ದಿನದಿಂದ ದಿನಕ್ಕೆ ಇಳಿಸುತ್ತಾ ಬರುವುದು, ಮಿದುಳಿಗೆ ಶಾಶ್ವತ ಹಾನಿಯಾಗದಂತೆ ಥಯಮಿನ್ ಅಂದರೆ ಬಿ1 ಜೀವಸತ್ವದ ಚುಚ್ಚುಮದ್ದು ಕೊಡುವುದು, ನೀರು ಮತ್ತು ಲವಣದ ಅಂಶ ನೋಡಿಕೊಳ್ಳುವುದು, ಇವು ಜಿಲ್ಲಾಸ್ಪತ್ರೆಗಳಿಗೆ ಗೊತ್ತಿರುವ ಕೆಲಸಗಳು. ಇಷ್ಟನ್ನು ಮಾಡದೆ ಒಂದು ಜೀವ ಹೋದರೆ ಅದನ್ನು ಸಹಜ ಸಾವು ಎಂದು ಬರೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಕುಡಿತದ ವಿಷಯದಲ್ಲಿ ಕಾನೂನಿನ ಕೊರತೆ ಇನ್ನೂ ಒಂದು ಹೆಜ್ಜೆ ಹೆಚ್ಚು. ಮದ್ಯ ಎನ್‌ಡಿಪಿಎಸ್ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ, ಆದ್ದರಿಂದ 39 ಮತ್ತು 64ಎ ಸೆಕ್ಷನ್‌ಗಳ ದಾರಿ ಕುಡುಕನಿಗೆ ಇಲ್ಲ. ಕುಡಿದು ಹೆಂಡತಿಯನ್ನು ಹೊಡೆದವನು, ಕುಡಿತಕ್ಕಾಗಿ ಕದ್ದವನು ಸಾಮಾನ್ಯ ಅಪರಾಧಿಯಾಗಿಯೇ ಒಳಗೆ ಹೋಗಿ ಹಾಗೆಯೇ ಹೊರಗೆ ಬರುತ್ತಾನೆ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ 4ನೇ ಸೆಕ್ಷನ್ ಅಡಿ ಸನ್ನಡತೆಯ ಮೇಲೆ ಬಿಡುಗಡೆ ಮಾಡುವಾಗ ಅಮಲು ಪದಾರ್ಥದಿಂದ ದೂರವಿರಬೇಕೆಂಬ ಷರತ್ತು ಹಾಕಬಹುದು. ಅವಲಂಬನೆಯ ಹಂತ ತಲುಪಿದವನಿಗೆ ಚಿಕಿತ್ಸೆ ಒದಗಿಸದೆ ದೂರವಿರು ಎಂದು ಬರೆಸಿಕೊಳ್ಳುವುದು ಮುರಿದ ಕಾಲಿಗೆ ಪಟ್ಟಿ ಕಟ್ಟದೆ ನೆಟ್ಟಗೆ ನಡೆ ಎಂದಂತೆ. ಇದೇ ಷರತ್ತಿನ ಜೊತೆಗೆ ಜಿಲ್ಲಾಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಹೋಗಬೇಕಾದ ದಿನಾಂಕವನ್ನೂ ಆದೇಶದಲ್ಲಿ ಸೇರಿಸಲು ಯಾವ ಹೊಸ ಕಾನೂನೂ ಬೇಕಿಲ್ಲ.

ಹೆರಾಯಿನ್, ಅಫೀಮು, ನೋವಿನ ಮಾತ್ರೆಗಳ ವ್ಯಸನದ ಕತೆ ಬೇರೆ. ಕರ್ನಾಟಕದಲ್ಲಿ ಇದು ಕುಡಿತದಷ್ಟು ವ್ಯಾಪಕವಲ್ಲ, ಆದರೆ ಟ್ಯಾಪೆಂಟಡಾಲ್ ಎಂಬ ನೋವಿನ ಮಾತ್ರೆಯನ್ನು ಕರಗಿಸಿ ರಕ್ತನಾಳಕ್ಕೆ ಚುಚ್ಚಿಕೊಳ್ಳುವ ಯುವಕರ ಸುದ್ದಿ ನಮ್ಮ ಊರುಗಳಿಂದಲೂ ಬರತೊಡಗಿದೆ. ಇಂಥವರಿಗೆ ಹೆರಾಯಿನ್ನಿನ ಬದಲಿಗೆ, ಅದರ ತುಡಿತ ತಣಿಸುವ ಬ್ಯುಪ್ರೆನಾರ್ಫಿನ್ ಅಥವಾ ಮೆಥಡೋನ್ ಔಷಧವನ್ನು ವೈದ್ಯರ ಉಸ್ತುವಾರಿಯಲ್ಲಿ ದಿನವೂ ಕೊಡುವುದು ಜಗತ್ತಿನಾದ್ಯಂತ ಒರೆಗೆ ಹಚ್ಚಿ ಒಪ್ಪಿದ ಚಿಕಿತ್ಸೆ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಇವೆರಡನ್ನೂ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ದೆಹಲಿಯ ತಿಹಾರ್ ಜೈಲಿನಲ್ಲಿ 2008ರಲ್ಲಿ ಇದು ಆರಂಭವಾಯಿತು, ದಕ್ಷಿಣ ಏಷ್ಯಾದ ಸೆರೆಮನೆಗಳಲ್ಲಿ ಅದೇ ಮೊದಲು. ಪಂಜಾಬ್ 2017ರ ಅಕ್ಟೋಬರಿನಿಂದ ಹೊರರೋಗಿ ಚಿಕಿತ್ಸಾಲಯಗಳ ಜಾಲವನ್ನು ಕಟ್ಟಿ, ಅದನ್ನು ಜೈಲುಗಳ ಒಳಕ್ಕೂ ಒಯ್ದಿತು.

ಇಂಥ ಕೇಂದ್ರದಲ್ಲಿ ಔಷಧ ಕೊಡುವ ಕ್ರಮ ನೋಡಿದರೆ ದುರುಪಯೋಗದ ಭಯಕ್ಕೆ ಉತ್ತರ ಸಿಗುತ್ತದೆ. ನರ್ಸ್ ಬ್ಯುಪ್ರೆನಾರ್ಫಿನ್ ಮಾತ್ರೆಯನ್ನು ಕೈಗೆ ಕೊಡುವುದಿಲ್ಲ. ಪುಡಿ ಮಾಡಿ ನಾಲಿಗೆಯ ಕೆಳಗೆ ಹಾಕುತ್ತಾರೆ; ಅದು ಪೂರ್ತಿ ಕರಗುವವರೆಗೆ, ಕೆಲವು ನಿಮಿಷ, ಆತ ಅಲ್ಲೇ ಬಾಯಿ ಮುಚ್ಚಿ ಕೂರಬೇಕು; ಕಡೆಗೆ ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸಿ ಹೋಗಬೇಕು. ಔಷಧ ನುಂಗಿದರೆ ಹೆಚ್ಚು ಕೆಲಸ ಮಾಡುವುದಿಲ್ಲ, ನಾಲಿಗೆಯ ಕೆಳಗೇ ಕರಗಬೇಕು. ಜೊತೆಗೆ, ಅಫೀಮಿನ ಗುಂಪಿನ ವಸ್ತುಗಳ ಪರಿಣಾಮವನ್ನು ತಡೆಯುವ ನಲಾಕ್ಸೋನ್ ಸೇರಿಸಿದ ಮಾತ್ರೆಯನ್ನು ಯಾರಾದರೂ ಕದ್ದೊಯ್ದು ಚುಚ್ಚಿಕೊಂಡರೆ ನಶೆಯ ಬದಲು ಸಂಕಟವೇ ಬರುವ ಸಂಭವ ಹೆಚ್ಚು.

ಹೀಗಿದ್ದರೂ ಜೈಲು ಅಧಿಕಾರಿಗಳು ಹಿಂಜರಿಯುವುದಕ್ಕೆ ಒಂದು ನೈಜ ಕಾರಣವಿದೆ. ಬ್ಯುಪ್ರೆನಾರ್ಫಿನ್ ಕೂಡ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲೇ ಇದೆ, ಕುಡಿತ ಬಿಡಿಸಲು ಕೊಡುವ ಡಯಾಜೆಪಾಮ್ ಗುಂಪಿನ ಮಾತ್ರೆಗಳೂ ಅಲ್ಲೇ ಇವೆ. ಯಾವ ಕಾಯ್ದೆಯಡಿ ಕೈದಿಗಳು ಒಳಗೆ ಬಂದಿದ್ದಾರೋ ಅದೇ ಕಾಯ್ದೆಯ ವಸ್ತುವನ್ನು ದಾಸ್ತಾನಿನಲ್ಲಿ ಇಟ್ಟುಕೊಂಡು, ಒಂದೇ ಒಂದು ಮಾತ್ರೆಯ ಲೆಕ್ಕ ತಪ್ಪಿದರೂ ವಿಚಾರಣೆ ಎದುರಿಸಲು ಯಾವ ಅಧೀಕ್ಷಕ ಸಿದ್ಧನಿರುತ್ತಾನೆ? ಲಿಖಿತ ಕಾರ್ಯವಿಧಾನ ಮತ್ತು ಆರೋಗ್ಯ ಇಲಾಖೆಯ ಹೊಣೆಗಾರಿಕೆ ಇಲ್ಲದೆ ಈ ಭಯ ಹೋಗುವುದಿಲ್ಲ. ಒಂದು ಚಟ ಬಿಡಿಸಲು ಇನ್ನೊಂದು ಚಟ ಹತ್ತಿಸುತ್ತೀರಿ ಎಂಬ ಆಕ್ಷೇಪವನ್ನು ಮಾತ್ರ ನಾನು ಒಪ್ಪಲಾರೆ. ನಿಗದಿತ ಪ್ರಮಾಣದ ಔಷಧದ ಮೇಲೆ ಇರುವ ಮನುಷ್ಯ ಕದಿಯಬೇಕಿಲ್ಲ, ಸೂಜಿ ಹಂಚಿಕೊಂಡು ಎಚ್‌ಐವಿ ಅಥವಾ ಹೆಪಟೈಟಿಸ್ ಸಿ ತಂದುಕೊಳ್ಳಬೇಕಿಲ್ಲ, ಕೆಲಸಕ್ಕೆ ಹೋಗಿ ಮನೆ ನಡೆಸಬಲ್ಲ. ವ್ಯಸನ ಹಾಳುಮಾಡಿದ್ದು ಇದನ್ನೇ ಅಲ್ಲವೇ?

ಎರಡನೆಯ ಅಪಾಯದ ಹೊತ್ತು ಬರುವುದು ಜೈಲಿನ ಬಾಗಿಲು ತೆರೆದಾಗ. ಒಳಗೆ ತಿಂಗಳುಗಟ್ಟಲೆ ಹೆರಾಯಿನ್ ಸಿಗದಿದ್ದವನ ದೇಹ ಹಳೆಯ ಪ್ರಮಾಣವನ್ನು ತಾಳಿಕೊಳ್ಳುವ ಶಕ್ತಿ ಕಳೆದುಕೊಂಡಿರುತ್ತದೆ, ಆದರೆ ಮನಸ್ಸು ಹಳೆಯ ಪ್ರಮಾಣವನ್ನೇ ನೆನಪಿಟ್ಟಿರುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆಯಾದ 30 ಸಾವಿರಕ್ಕೂ ಹೆಚ್ಚು ಕೈದಿಗಳ ದಾಖಲೆಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟವಾದ ಅಧ್ಯಯನ, ಬಿಡುಗಡೆಯ ನಂತರದ ಮೊದಲ ಎರಡು ವಾರಗಳಲ್ಲಿ ಅತಿಸೇವನೆಯಿಂದ ಸಾಯುವ ಸಂಭವ ಸಾಮಾನ್ಯ ಜನರಿಗಿಂತ 129 ಪಟ್ಟು ಹೆಚ್ಚು ಎಂದು ತೋರಿಸಿತು. ಜೈಲಿನಲ್ಲಿ ‘ಬಿಟ್ಟಿದ್ದಾನೆ’ ಎಂದು ಮನೆಯವರು ನೆಮ್ಮದಿಯಿಂದ ಇರುವ ಹೊತ್ತೇ ಅತಿ ಅಪಾಯದ ಹೊತ್ತು.

ಅದೇ ದೇಶದ ಪುಟ್ಟ ರಾಜ್ಯ ರೋಡ್ ಐಲ್ಯಾಂಡ್ 2016ರಲ್ಲಿ ತನ್ನ ಜೈಲು ವ್ಯವಸ್ಥೆಯಲ್ಲಿ ಮೆಥಡೋನ್, ಬ್ಯುಪ್ರೆನಾರ್ಫಿನ್, ನಾಲ್ಟ್ರೆಕ್ಸೋನ್ ಮೂರನ್ನೂ ಅಗತ್ಯವಿರುವ ಎಲ್ಲ ಕೈದಿಗಳಿಗೆ ಕೊಡತೊಡಗಿತು, ಬಿಡುಗಡೆಯಾದವರನ್ನು ಊರಿನ ಚಿಕಿತ್ಸಾಲಯಕ್ಕೆ ನೇರವಾಗಿ ಜೋಡಿಸಿತು. 2016ರ ಮೊದಲ ಆರು ತಿಂಗಳಲ್ಲಿ ಅತಿಸೇವನೆಯಿಂದ ಸತ್ತವರಲ್ಲಿ 26 ಮಂದಿ ಆಗಷ್ಟೇ ಜೈಲಿನಿಂದ ಬಿಡುಗಡೆಯಾದವರು. 2017ರ ಅದೇ ಅವಧಿಯಲ್ಲಿ ಆ ಸಂಖ್ಯೆ 9ಕ್ಕೆ ಇಳಿಯಿತು. ಸಣ್ಣ ರಾಜ್ಯ, ಸಣ್ಣ ಸಂಖ್ಯೆಗಳು, ನಿಜ. ಆದರೆ ಒಳಗಿನ ಚಿಕಿತ್ಸೆ ಮತ್ತು ಹೊರಗಿನ ಚಿಕಿತ್ಸೆಯ ನಡುವೆ ಒಂದು ದಿನದ ಅಂತರವೂ ಬೀಳದಂತೆ ನೋಡಿಕೊಂಡದ್ದು ಇಲ್ಲಿ ಗಮನಿಸಬೇಕಾದ ಅಂಶ. ಕೈದಿಗಳನ್ನು ನಡೆಸಿಕೊಳ್ಳುವ ಬಗ್ಗೆ ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳ 24ನೇ ನಿಯಮ ಮಾದಕ ವಸ್ತು ಅವಲಂಬನೆಯನ್ನು ಹೆಸರಿಸಿಯೇ ಚಿಕಿತ್ಸೆ ನಿರಂತರವಾಗಿರಬೇಕು ಎನ್ನುತ್ತದೆ.

ಅಮೆರಿಕದ ಇನ್ನೊಂದು ಪ್ರಯೋಗವಾದ ಮಾದಕ ವಸ್ತು ನ್ಯಾಯಾಲಯಗಳನ್ನು ನಮ್ಮಲ್ಲಿಯೂ ತರಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ. 1989ರಲ್ಲಿ ಮಯಾಮಿ-ಡೇಡ್ ಕೌಂಟಿಯಲ್ಲಿ ಮೊದಲ ಇಂಥ ಕೋರ್ಟು ಆರಂಭವಾಯಿತು. ಆರೋಪಿ ನಿಯಮಿತವಾಗಿ ನ್ಯಾಯಾಧೀಶರ ಮುಂದೆ ಹಾಜರಾಗುತ್ತಾ, ಮೂತ್ರ ಪರೀಕ್ಷೆ ಮಾಡಿಸಿಕೊಳ್ಳುತ್ತಾ, ಚಿಕಿತ್ಸೆ ಮುಗಿಸಿದರೆ ಮೊಕದ್ದಮೆಯಿಂದ ಪಾರಾಗಬಹುದು. ಕೆಲವು ಕೋರ್ಟುಗಳು ಮಾತ್ರ ಮೆಥಡೋನ್, ಬ್ಯುಪ್ರೆನಾರ್ಫಿನ್ ಪಡೆಯುವುದನ್ನೇ ನಿಷೇಧಿಸಿ ವೈದ್ಯರ ಕೆಲಸವನ್ನು ತಾವು ಮಾಡಹೊರಟವು. ವ್ಯಸನದಲ್ಲಿ ಮರುಕಳಿಕೆ ಸಾಮಾನ್ಯ. ಒಂದು ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿಬಿದ್ದನೆಂದು ಜೈಲಿಗೆ ಹಾಕಿದರೆ, ಮತ್ತೆ ಸೇವಿಸಿದ್ದನ್ನು ವೈದ್ಯರಿಗೆ ಹೇಳುವ ಧೈರ್ಯವೇ ಹೋಗುತ್ತದೆ. ನಮ್ಮ 64ಎ ಸೆಕ್ಷನ್ ‘ಪೂರ್ಣ ಚಿಕಿತ್ಸೆ’ ಎನ್ನುವಾಗಲೂ ಇದೇ ಅಪಾಯವಿದೆ. ಪೂರ್ಣ ಎಂಬುದನ್ನು ಮತ್ತೆಂದೂ ಮುಟ್ಟದಿರುವುದು ಎಂದು ಓದದೆ, ವೈದ್ಯರು ಕರೆದ ದಿನ ಹಾಜರಾಗಿರುವುದು ಎಂದು ಓದಬೇಕು.

ಬಲವಂತದ ಪ್ರಶ್ನೆಯೂ ಇಲ್ಲಿದೆ. ಕೋರ್ಟಿನ ಆದೇಶ ಹಿಡಿದು ಹೋಗುವವನಿಗೆ ಎಂಥ ಕೇಂದ್ರ ಕಾದಿರುತ್ತದೆ ಎಂಬುದನ್ನು ನೋಡದೆ ಚಿಕಿತ್ಸೆ, ಚಿಕಿತ್ಸೆ ಎಂದು ಜಪಿಸುವುದು ಬೇಜವಾಬ್ದಾರಿ. ವ್ಯಸನಮುಕ್ತಿಯ ಹೆಸರಿನಲ್ಲಿ ಕೂಡಿಹಾಕಿ ಹೊಡೆಯುವ ಖಾಸಗಿ ಕೇಂದ್ರಗಳ ವರದಿಗಳು ದೇಶದ ಹಲವೆಡೆಯಿಂದ ಬಂದಿವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳ ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಮಾನಸಿಕ ಕಾಯಿಲೆಯ ವ್ಯಾಖ್ಯೆಗೆ ಸೇರಿಸಿದೆ, ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ. ಪ್ರತಿ ರಾಜ್ಯದ ಕನಿಷ್ಠ ಒಂದು ಜೈಲಿನ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಆರೋಗ್ಯ ಘಟಕ ಇರಬೇಕೆಂದು ಅದರ 103ನೇ ಸೆಕ್ಷನ್ ಹೇಳುತ್ತದೆ. ವ್ಯಸನಿ ಕೈದಿಗೆ ಇದು ದಯೆಯಿಂದ ಸಿಗುವ ಸೌಲಭ್ಯವಲ್ಲ, ಹಕ್ಕು.

ಈ ಹಕ್ಕನ್ನು ಜಾರಿಗೆ ತರಲು ಕರ್ನಾಟಕಕ್ಕೆ ಇರುವಷ್ಟು ಅನುಕೂಲ ಬಹಳ ರಾಜ್ಯಗಳಿಗೆ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ, ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ, ಜಿಲ್ಲೆಗಳಲ್ಲಿ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. ನಿಮ್ಹಾನ್ಸ್ ತಜ್ಞರು ಬೆಂಗಳೂರಿನ ಕೇಂದ್ರ ಕಾರಾಗೃಹದ 5,024 ಕೈದಿಗಳನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 79.6ರಷ್ಟು ಮಂದಿಗೆ ಮಾನಸಿಕ ಕಾಯಿಲೆ ಅಥವಾ ಅಮಲು ಪದಾರ್ಥಗಳ ಬಳಕೆಗೆ ಸಂಬಂಧಿಸಿದ ಸಮಸ್ಯೆ ಇತ್ತು. ಅಮಲು ಪದಾರ್ಥಗಳದ್ದನ್ನು ಬಿಟ್ಟು ಲೆಕ್ಕ ಹಾಕಿದರೆ ಅದು ಶೇ 27.6ಕ್ಕೆ ಇಳಿಯುತ್ತದೆ. ಇನ್ನೊಂದು ಕಡೆ, ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯದ ಮೇಲೆ ಅವಲಂಬಿತರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಬಗೆಯ ಚಿಕಿತ್ಸೆ ಸಿಕ್ಕಿತ್ತು. ಎರಡನ್ನೂ ಸೇರಿಸಿ ಓದಿದರೆ, ಬಡ ವ್ಯಸನಿಯೊಬ್ಬ ತನ್ನ ಜೀವನದಲ್ಲಿ ಮೊದಲ ಬಾರಿಗೆ ಇದರ ಬಗ್ಗೆ ವೈದ್ಯರೊಂದಿಗೆ ಮಾತನಾಡುವ ಜಾಗ ಜೈಲೇ ಆಗಿರಬಹುದು. ಜೈಲು ಆ ಜಾಗವಾಗಬಾರದಿತ್ತು, ಆದರೆ ಆಗಿದೆ.

ಜೈಲಿನ ಚಿಕಿತ್ಸೆಯ ಯೋಜನೆಗಳನ್ನು ಬರೆಯುವವರು ಶಿಕ್ಷೆ ಮುಗಿಯುವ ದಿನವನ್ನು ಮನಸ್ಸಿನಲ್ಲಿಟ್ಟು ಮೂರು ತಿಂಗಳ, ಆರು ತಿಂಗಳ ಕಾರ್ಯಕ್ರಮ ರೂಪಿಸುತ್ತಾರೆ. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 2022ಕ್ಕೆ ಕೊಟ್ಟ ಲೆಕ್ಕದಂತೆ ದೇಶದ ಕೈದಿಗಳಲ್ಲಿ ಶೇ 75.8ರಷ್ಟು ವಿಚಾರಣಾಧೀನರು. ಅವರ ಬಿಡುಗಡೆಯ ದಿನ ಯಾರಿಗೂ ಗೊತ್ತಿರುವುದಿಲ್ಲ. ಜಾಮೀನು ಮಂಜೂರಾಗಿ, ಶ್ಯೂರಿಟಿ ಒದಗಿ, ಆದೇಶ ಜೈಲು ತಲುಪಿದ ಸಂಜೆ ಅವನು ಹೊರಗಿರುತ್ತಾನೆ. ಜೈಲಿನ ವೈದ್ಯರಿಗೆ ಮರುದಿನ ಹಾಜರಿ ನೋಡಿದಾಗಲೇ ಅದು ಗೊತ್ತಾಗುತ್ತದೆ. ಹೊರಬಂದವನ ಕೈಯಲ್ಲಿ ಮಾತ್ರೆಯಿಲ್ಲ, ಚೀಟಿಯಿಲ್ಲ, ಯಾವ ಆಸ್ಪತ್ರೆಗೆ ಹೋಗಬೇಕೆಂಬ ಮಾಹಿತಿಯಿಲ್ಲ. ಆದ್ದರಿಂದ ಬಿಡುಗಡೆಯ ಸಿದ್ಧತೆ ಚಿಕಿತ್ಸೆ ಆರಂಭವಾದ ದಿನವೇ ಆಗಬೇಕು. ಚಿಕಿತ್ಸೆಯ ಸಾರಾಂಶ, ಅವನ ಊರಿಗೆ ಹತ್ತಿರದ ಜಿಲ್ಲಾ ಅಥವಾ ತಾಲ್ಲೂಕು ಆಸ್ಪತ್ರೆಯ ವಿಭಾಗದ ಹೆಸರು, ವ್ಯಸನಮುಕ್ತಿ ಸಹಾಯವಾಣಿ 14446 ಮತ್ತು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಸಂಖ್ಯೆಗಳು, ವೈದ್ಯರು ಸುರಕ್ಷಿತ ಎಂದ ಕೆಲವು ದಿನಗಳ ಔಷಧ, ಇವನ್ನು ಒಂದು ಲಕೋಟೆಯಲ್ಲಿ ಹಾಕಿ ಅವನ ಹೆಸರು ಬರೆದು ಜೈಲಿನ ಕಚೇರಿಯಲ್ಲಿ ಇಟ್ಟಿರಬೇಕು. ಬಿಡುಗಡೆಯ ಹೊತ್ತಿನಲ್ಲಿ ಒಳಗೆ ಬರುವಾಗ ಜಪ್ತಿಯಾದ ಹಣ, ಫೋನು, ವಾಚನ್ನು ಸಹಿ ಹಾಕಿಸಿಕೊಂಡು ಹಿಂದಿರುಗಿಸುವ ಗುಮಾಸ್ತರೇ ಅದೇ ರಿಜಿಸ್ಟರಿನಲ್ಲಿ ಇನ್ನೊಂದು ಸಹಿ ಪಡೆದು ಈ ಲಕೋಟೆಯನ್ನೂ ಕೊಡಬಹುದು.